ಮಣ್ಣಿನಿಂದ ಎದ್ದ ಗುಂಡಿ: ಉಜ್ಜುವ ಮೊದಲು ಓದಿ

ಗುಂಡಿ ತೋಡಿದರೆ ಗುಂಡಿಯೇ ಸಿಗುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದು ಬಯಲು ಸುತ್ತುವವರಿಗೆಲ್ಲ ಇದು ಗೊತ್ತಿರುವ ಮಾತೇ. ನಾಣ್ಯ ಇರಬೇಕು ಅಂತ ಆಸೆಯಿಂದ ಅಗೆಯುತ್ತೀರಿ. ಮಣ್ಣಿನ ಹೆಂಟೆಯೊಳಗಿಂದ ದುಂಡನೆಯ ಬಿಲ್ಲೆಯೊಂದು ಬರುತ್ತದೆ. ತಿರುಗಿಸಿ ನೋಡಿದರೆ ಹಿಂದೆ ಪುಟ್ಟ ಕೊಂಡಿ. ಯಾರದೋ ಕೋಟಿನಿಂದ ಕಳಚಿ ಬಿದ್ದ ಲೋಹದ ಗುಂಡಿ. ಆಮೇಲೆ ಓದುಗರು ನನಗೆ ಬರೆಯುವ ಪ್ರಶ್ನೆ ಯಾವಾಗಲೂ ಒಂದೇ: "ಇದನ್ನು ಯಾವುದರಲ್ಲಿ ನೆನೆಸಿದರೆ ಹೊಳೆಯುತ್ತದೆ?"

ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಗುಂಡಿಗೂ ಒಗ್ಗುವ ದ್ರಾವಣ ಅಂತ ಯಾವುದೂ ಇಲ್ಲ. ತಾಮ್ರಕ್ಕೆ ಆಗುವುದು ಸೀಸಕ್ಕೆ ಆಗುವುದಿಲ್ಲ. ಬೆಳ್ಳಿಗೆ ಆಗುವುದು ಗಿಲೀಟಿಗೆ ಆಗುವುದಿಲ್ಲ. ಮುಕ್ಕಾಲು ಪಾಲು ಕೆಲಸ ನಡೆಯುವುದು ಬರೀ ನೀರು, ಒಂದು ಕಡ್ಡಿ ಮತ್ತು ನಿಮ್ಮ ತಾಳ್ಮೆಯಿಂದ.

ಉಜ್ಜಬೇಡಿ ಅಂತ ನಾನು ಇಷ್ಟು ಹೇಳುವುದಕ್ಕೆ ಒಂದು ಲೆಕ್ಕ ಇದೆ. ಹಳೆಯ ಗುಂಡಿಗಳಲ್ಲಿ ಚಿನ್ನದ ಗಿಲೀಟು ಇರುವಂಥವು ಬಹಳ. ಗಿಲೀಟು ಅಂದರೆ ತಾಮ್ರ ಅಥವಾ ಹಿತ್ತಾಳೆಯ ಮೇಲೆ ಬಳಿದ ತೆಳುವಾದ ಚಿನ್ನದ ಪದರ. ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ಗುಂಡಿ ಮಾಡುವವರು ಈ ಚಿನ್ನದಲ್ಲಿ ಮೋಸ ಮಾಡಬಾರದು ಅಂತ ಬ್ರಿಟನ್‌ನಲ್ಲಿ 1796ರಲ್ಲಿ ಒಂದು ಕಾನೂನೇ ಬಂತು. ಒಂದು ಇಂಚು ಅಗಲದ 144 ಗುಂಡಿಗಳಿಗೆ ಕನಿಷ್ಠ 5 ಗ್ರೇನ್ ಚಿನ್ನ ಇರಬೇಕು, ಆಗ ಮಾತ್ರ ಅದನ್ನು 'ಗಿಲ್ಟ್' ಅನ್ನಬಹುದು ಅಂತ. 5 ಗ್ರೇನ್ ಅಂದರೆ ಒಂದು ಗ್ರಾಮಿನ ಮೂರರಲ್ಲೊಂದು ಪಾಲೂ ಇಲ್ಲ. ಅದನ್ನು 144 ಗುಂಡಿಗಳಿಗೆ ಹಂಚಿದರೆ ಒಂದಕ್ಕೆ ಸಿಗುವುದು 2 ಮಿಲಿಗ್ರಾಂ ಚಿಲ್ಲರೆ. ಗುಂಡಿಯ ಮುಖದ ಮೇಲೆ ಹರಡಿದರೆ ಆ ಪದರದ ದಪ್ಪ ಸುಮಾರು ಕಾಲು ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲೇ 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಈಗ ಹೇಳಿ, ಇಂಥದ್ದನ್ನು ಬ್ರಷ್ಷಿನಲ್ಲಿ ಗಸಗಸ ತಿಕ್ಕಿದರೆ ಏನು ಉಳಿಯುತ್ತದೆ?

ನನ್ನ ಮೊದಲ ಗಿಲೀಟಿನ ಗುಂಡಿಯನ್ನು ನಾನು ಹೀಗೇ ಹಾಳು ಮಾಡಿದ್ದು. ಹತ್ತು ನಿಮಿಷ ತಿಕ್ಕಿದೆ, ಚೆನ್ನಾಗಿ ಹೊಳೆಯಿತು. ಹೊಳೆದದ್ದು ತಾಮ್ರ.

ಏನೇನು ಬೇಕು

ದೊಡ್ಡ ಪಟ್ಟಿ ಏನಿಲ್ಲ. ಡಿಸ್ಟಿಲ್ಡ್ ನೀರು, ಮೆತ್ತನೆಯ ಬಣ್ಣದ ಕುಂಚ, ಟೂತ್‌ಪಿಕ್ ಅಥವಾ ಬಿದಿರಿನ ಕಡ್ಡಿ, ಹತ್ತಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚ್, ಸಣ್ಣ ಅಯಸ್ಕಾಂತ, ತೆಳು ಕೈಗವಸು. ಒಣಗಿಸುವುದಕ್ಕೆ ಆಸಿಟೋನ್. ಕೊನೆಯಲ್ಲಿ ಹಚ್ಚುವುದಕ್ಕೆ ಮೈಕ್ರೋಕ್ರಿಸ್ಟಲಿನ್ ಮೇಣ. ಪೆಟ್ರೋಲಿಯಂನಿಂದ ತೆಗೆಯುವ, ಹುಳಿ ಅಂಶ ಇಲ್ಲದ ಮೇಣ ಇದು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ 'ರೆನೆಸಾನ್ಸ್ ವ್ಯಾಕ್ಸ್' ಈ ಜಾತಿಯದ್ದು.

ನಲ್ಲಿ ನೀರು ಸಾಕಾಗಲ್ವಾ ಅಂತ ಕೇಳುತ್ತಾರೆ. ಮೊದಲ ಸಲ ಮಣ್ಣು ನೆನೆಸಲು ಪರವಾಗಿಲ್ಲ. ಆದರೆ ನಲ್ಲಿ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಅಂದರೆ ಉಪ್ಪಿನಂಶ. ತಾಮ್ರದ ಗುಂಡಿಗೆ ಅದೇ ದೊಡ್ಡ ಶತ್ರು. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು.

ಕೆಲಸದ ಜಾಗ ಅಡುಗೆಮನೆಯಿಂದ ದೂರ ಇರಲಿ. ಬಟ್ಟಲು, ಚಮಚ ಎಲ್ಲ ಇದಕ್ಕೇ ಅಂತ ಬೇರೆ ಇಟ್ಟುಕೊಳ್ಳಿ. ಹಳೆಯ ಗುಂಡಿಗಳಲ್ಲಿ ಸೀಸ ಇರಬಹುದು.

ಹಂತ 1: ಸಿಕ್ಕ ಜಾಗದಲ್ಲಿ ಕೈ ಕಟ್ಟಿಕೊಳ್ಳಿ

ಹೆಚ್ಚಿನ ಗುಂಡಿಗಳು ಹಾಳಾಗುವುದು ಮನೆಯಲ್ಲಲ್ಲ, ಸಿಕ್ಕ ಮೊದಲ ಅರ್ಧ ನಿಮಿಷದಲ್ಲಿ. ಏನಿದೆ ಅಂತ ನೋಡುವ ಆತುರಕ್ಕೆ ಹೆಬ್ಬೆರಳಿನಿಂದ ಒಮ್ಮೆ ತಿಕ್ಕುತ್ತೀರಿ, ಇಲ್ಲವೇ ಪ್ಯಾಂಟಿಗೆ ಒರೆಸುತ್ತೀರಿ. ಮಣ್ಣಿನಲ್ಲಿ ಮರಳಿನ ಕಣ ಇರುತ್ತದೆ. ಮರಳು ಅಂದರೆ ಬಹುಪಾಲು ಬೆಣಚುಕಲ್ಲು. ಅದರ ಗಡಸುತನ ಮೋಸ್ ಅಳತೆಯಲ್ಲಿ 7. ತಾಮ್ರದ್ದು 3, ಚಿನ್ನದ್ದು ಅದಕ್ಕಿಂತ ಸ್ವಲ್ಪ ಕಮ್ಮಿಯೇ. ಅಂದರೆ ನಿಮ್ಮ ಹೆಬ್ಬೆರಳು ಆಗ ಉಪ್ಪುಕಾಗದದ ಕೆಲಸ ಮಾಡುತ್ತಿರುತ್ತದೆ.

ಮಣ್ಣಿನ ಸಮೇತ ಒಂದು ಸಣ್ಣ ಜಿಪ್ ಕವರಿಗೆ ಹಾಕಿ. ಒಂದೊಂದು ಗುಂಡಿಗೆ ಒಂದೊಂದು ಕವರು. ಜೇಬಿನಲ್ಲಿ ಬೇರೆ ತುಣುಕುಗಳ ಜೊತೆ ಗಲಗಲ ಅಲ್ಲಾಡಿಸಿಕೊಂಡು ತರಬೇಡಿ. ಕವರಿನ ಮೇಲೆ ದಿನ, ಜಾಗ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಅಲ್ಲೇ ಬರೆಯಿರಿ. ಮನೆಗೆ ಬಂದ ಮೇಲೆ ಬರೆಯುತ್ತೇನೆ ಅಂದುಕೊಂಡವರು ಯಾರೂ ಬರೆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತು. ಜಾಗದ ಮಾಲೀಕರ ಅನುಮತಿ, ಆ ಪ್ರದೇಶದ ಪುರಾತತ್ವ ಕಾನೂನು, ಇವೆರಡನ್ನೂ ಡಿಟೆಕ್ಟರ್ ಆನ್ ಮಾಡುವ ಮೊದಲೇ ನೋಡಿಕೊಂಡಿರಬೇಕು. ಸಿಕ್ಕ ವಸ್ತುವನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾದ ನಿಯಮ ಇದ್ದರೆ ಅದನ್ನು ಮುಟ್ಟದೆ, ತೊಳೆಯದೆ ಹಾಗೇ ಒಪ್ಪಿಸಿ.

ಮನೆಗೆ ಬಂದ ಮೇಲೆ ವಾರಗಟ್ಟಲೆ ಮರೆತುಬಿಡಬೇಡಿ. ಜೇಡಿ ಮಣ್ಣು ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಕಿತ್ತರೆ ಗಿಲೀಟಿನ ಸಮೇತ ಎದ್ದು ಬರುತ್ತದೆ.

ಹಂತ 2: ಯಾವ ಲೋಹ?

ಇಲ್ಲಿ ನಿಧಾನ ಮಾಡಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಹಸಿರು ಅಥವಾ ಕಂದು ಬಣ್ಣ ಇದ್ದರೆ ತಾಮ್ರ, ಹಿತ್ತಾಳೆ ಅಥವಾ ಕಂಚು. ಹಸಿರು ಅಂದರೆ ಕಿಲುಬು, ತಾಮ್ರದ ತುಕ್ಕು ಅನ್ನಿ. ಈ ಗುಂಪಿನ ಯಾವ ಗುಂಡಿಯಲ್ಲಾದರೂ ಗಿಲೀಟು ಇರಬಹುದು. ಹೊರಗೆ ಪೂರ್ತಿ ಹಸಿರಾಗಿದ್ದರೂ ಕೊಂಡಿಯ ಬುಡದ ಸಂದಿಯಲ್ಲಿ, ಅಂಚಿನ ಮಡಿಕೆಯಲ್ಲಿ, ಅಕ್ಷರಗಳ ಕುಳಿಯಲ್ಲಿ ಟಾರ್ಚ್ ಬಿಟ್ಟು ಹುಡುಕಿ. ಉಜ್ಜಾಟ ತಾಕದ ಅಂಥ ಮೂಲೆಗಳಲ್ಲೇ ಚಿನ್ನ ಉಳಿದಿರುತ್ತದೆ. ಸೂಜಿ ಮೊನೆಯಷ್ಟು ಹಳದಿ ಕಂಡರೂ ಅದನ್ನು ಗಿಲೀಟಿನ ಗುಂಡಿ ಅಂತಲೇ ತಿಳಿದು ಮುಂದುವರಿಯಿರಿ.

ಮಾಸಲು ಬೂದು ಬಣ್ಣ, ಮೆತ್ತನೆಯ ಮೈ, ಮೇಲೆ ಬಿಳಿ ಅಥವಾ ಕಂದು ಹೊಪ್ಪಳೆ ಇದ್ದರೆ ಪ್ಯೂಟರ್. ಇದು ತವರಕ್ಕೆ ಸೀಸದಂಥ ಬೇರೆ ಲೋಹ ಬೆರೆಸಿ ಎರಕ ಹೊಯ್ದದ್ದು. ಅಂಚು ಮುರಿದು ಪುಡಿಯಾಗುತ್ತಿದ್ದರೆ ಅನುಮಾನವೇ ಬೇಡ. ಬರೀ ಸೀಸದ ಗುಂಡಿಯಾದರೆ ಕೈಗೆ ಭಾರ ಹತ್ತುತ್ತದೆ.

ಬೆಳ್ಳಿಯಂಥ ಬೂದು ಬಣ್ಣ, ಆದರೆ ಗಟ್ಟಿ ಲೋಹ, ಕಿಲುಬೂ ಅಷ್ಟಾಗಿ ಇಲ್ಲ. ಹಾಗಿದ್ದರೆ ಅದು ಟಾಂಬ್ಯಾಕ್ ಇರಬಹುದು. ತಾಮ್ರ-ಸತುವಿನ ಒಂದು ಬೆರಕೆ ಇದು, 18ನೇ ಶತಮಾನದ ಚಪ್ಪಟೆ ಗುಂಡಿಗಳಲ್ಲಿ ಸಿಗುತ್ತದೆ. ಮಣ್ಣಿನಲ್ಲಿ ನೂರಾರು ವರ್ಷ ಇದ್ದೂ ಚೆನ್ನಾಗಿಯೇ ಏಳುತ್ತದೆ. ನೀರಿನಲ್ಲಿ ತೊಳೆದರೆ ಮುಗಿಯಿತು, ಇದಕ್ಕೆ ಬೇರೇನೂ ಮಾಡಬೇಡಿ.

ಕಪ್ಪು ಅಥವಾ ನೇರಳೆ ಛಾಯೆಯ ಬೂದು ಇದ್ದರೆ ಬೆಳ್ಳಿ, ಇಲ್ಲವೇ ಬೆಳ್ಳಿಯ ಲೇಪ.

ಇನ್ನು ಅಯಸ್ಕಾಂತ. ಅದನ್ನು ನಿಧಾನವಾಗಿ ಹತ್ತಿರ ತನ್ನಿ. ಎಳೆದರೆ ಒಳಗೆ ಕಬ್ಬಿಣ ಇದೆ ಅಂತ. 19ನೇ ಶತಮಾನದಲ್ಲಿ ಎರಡು ತಗಡು ಕೂಡಿಸಿ ಅಂಚು ಮಡಚಿದ ಗುಂಡಿಗಳು ಬಹಳ ಬಂದವು. ಅಂಥವುಗಳಲ್ಲಿ ಮುಖ ಹಿತ್ತಾಳೆಯದಾದರೂ ಬೆನ್ನು ಕಬ್ಬಿಣದ್ದಿರಬಹುದು. ಬೆನ್ನು ಉಬ್ಬಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅಯಸ್ಕಾಂತವೂ ಬೇಕಿಲ್ಲ.

ಗುರುತು ಸಿಗದಿದ್ದರೆ? ಪ್ಯೂಟರ್ ಅಂತ ತಿಳಿದು ಬರೀ ನೀರಿನಲ್ಲಿ ನಿಲ್ಲಿಸಿ. ಅಯಸ್ಕಾಂತ ಎಳೆಯದ ಯಾವ ಗುಂಡಿಗೂ ಅದರಿಂದ ಕೇಡಿಲ್ಲ.

ಹಂತ 3: ಫೋಟೋ ಮೊದಲು, ನೀರು ಆಮೇಲೆ

ಎರಡೂ ಕಡೆ ಫೋಟೋ ತೆಗೆಯಿರಿ. ಬೆಳಕು ಮೇಲಿಂದ ಬೇಡ, ಪಕ್ಕದಿಂದ ಅಡ್ಡಡ್ಡ ಬೀಳಲಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಹಿಡಿದು ಗುಂಡಿಯನ್ನು ತಿರುಗಿಸುತ್ತ ಹೋಗಿ. ಬರಿಗಣ್ಣಿಗೆ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ನಿಲ್ಲುತ್ತವೆ. ಎಷ್ಟೋ ಗುಂಡಿಗಳ ಗುರುತು ನನಗೆ ಸಿಕ್ಕಿದ್ದು ತೊಳೆದ ಮೇಲಲ್ಲ, ಈ ಅಡ್ಡ ಬೆಳಕಿನಲ್ಲಿ.

ಬೆನ್ನಿನ ಬರಹವನ್ನು ಬ್ಯಾಕ್‌ಮಾರ್ಕ್ ಅನ್ನುತ್ತಾರೆ. 'ಟ್ರೆಬಲ್ ಗಿಲ್ಟ್' (ಮೂರು ಪಟ್ಟು ಗಿಲೀಟು), 'ಪ್ಲೇಟೆಡ್' (ಬೆಳ್ಳಿ ಲೇಪ), ಇಲ್ಲವೇ ತಯಾರಕರ ಹೆಸರು, ಊರು. ಮುಖದ ಮೇಲೆ ಬರೀ ಒಂದು ಅಂಕಿ ಇದ್ದರೆ ಅದು ಸೈನ್ಯದ ಗುಂಡಿ ಇರಬಹುದು. ಬ್ರಿಟಿಷ್ ಸೈನ್ಯದಲ್ಲಿ ರೆಜಿಮೆಂಟಿನ ಅಂಕಿಯನ್ನು ಗುಂಡಿಯ ಮೇಲೆ ಹಾಕಬೇಕೆಂಬ ಆದೇಶ ಬಂದದ್ದು 1767ರಲ್ಲಿ. ಹೀಗೆ ಒಂದು ಅಂಕಿ, ಒಂದು ಪದ ಗುಂಡಿಯ ಕಾಲ ಹೇಳಿಬಿಡುತ್ತದೆ. ಅದನ್ನು ತಿಕ್ಕಿ ಅಳಿಸಿದರೆ ಉಳಿಯುವುದು ಒಂದು ಹೊಳೆಯುವ ಬಿಲ್ಲೆ ಅಷ್ಟೇ.

ಈಗ ನೀರು. ಬಟ್ಟಲಿನ ತಳಕ್ಕೆ ಮೆತ್ತನೆ ಬಟ್ಟೆ ಹಾಸಿ, ಉಗುರು ಬೆಚ್ಚಗಿನ ನೀರು ಹಾಕಿ ಗುಂಡಿ ಇಡಿ. ಅರ್ಧ ಗಂಟೆ ಬಿಟ್ಟು ನೀರು ಬದಲಿಸಿ. ತಾನಾಗಿ ಬಿಡುವ ಮಣ್ಣು ಬಿಡಲಿ. ಕುಂಚದಿಂದ ಸುಮ್ನೆ ಸವರಿ, ಒತ್ತಬೇಡಿ. ಜಿಗುಟು ಇದ್ದರೆ ಪಾತ್ರೆ ತೊಳೆಯುವ ಸೋಪಿನ ನೀರು ಎರಡು ತೊಟ್ಟು.

ಕಬ್ಬಿಣ ಇರುವ ಗುಂಡಿಯನ್ನು ನೆನೆಸಲೇಬೇಡಿ. ತೇವ ಮಾಡಿದ ಹತ್ತಿಯಿಂದ ಮುಖ ಒರೆಸಿ, ಆಗಲೇ ಒಣಗಿಸಿ. ಬೆನ್ನಿನ ತುಕ್ಕನ್ನು ಕೆರೆಯಲು ಹೋದರೆ ಎಷ್ಟೋ ಸಲ ಬೆನ್ನೇ ಇರುವುದಿಲ್ಲ, ತುಕ್ಕು ಮಾತ್ರ ಇರುತ್ತದೆ. ಬಿಟ್ಟುಬಿಡಿ.

ಕೊಂಡಿಯ ತೂತಿನಲ್ಲಿ ಕಂದು ಬಣ್ಣದ ಎಳೆ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಬೇರು ಅಂದುಕೊಂಡು ಎಳೆದುಬಿಡಬೇಡಿ. ಅದು ಗುಂಡಿ ಹೊಲಿದ ದಾರ ಇರಬಹುದು. ತಾಮ್ರದ ಅಂಶ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಹಾಗಾಗಿ ಕಿಲುಬಿನ ಪಕ್ಕದಲ್ಲಿದ್ದ ದಾರ ಕೊಳೆಯದೆ ಉಳಿಯುತ್ತದೆ. ಭೂತಗನ್ನಡಿಯಲ್ಲಿ ಹುರಿ ಹೊಸೆದ ಹಾಗೆ ತಿರುಚು ಕಂಡರೆ ದಾರವೇ. ಆ ಗುಂಡಿಯ ಬೆನ್ನನ್ನು ಮುಟ್ಟದೆ ಮುಖ ಮಾತ್ರ ತೊಳೆಯಿರಿ.

ಹಂತ 4: ಕಡ್ಡಿ ಕೆಲಸ

ನಿಜವಾದ ಕೆಲಸ ಇದು. ಒಂದು ಗುಂಡಿಗೆ ಒಂದು ಗಂಟೆ ಹಿಡಿದರೆ ಜಾಸ್ತಿ ಅಲ್ಲ.

ಬಿದಿರಿನ ಕಡ್ಡಿಯ ತುದಿಯನ್ನು ಉಳಿಯ ಹಾಗೆ ಓರೆಯಾಗಿ ಕೆತ್ತಿಕೊಳ್ಳಿ. ಚೂಪು ಮೊನೆ ಬೇಡ, ಚಪ್ಪಟೆ ತುದಿ ಬೇಕು. ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಿ. ಗುಂಡಿಯನ್ನು ಮಡಚಿದ ಬಟ್ಟೆಯ ಮೇಲೆ ಇಡಿ, ಕೊಂಡಿ ಹೂತುಕೊಳ್ಳಲು ಬಟ್ಟೆಯಲ್ಲಿ ಒಂದು ತಗ್ಗು ಮಾಡಿ. ಕೊಂಡಿಯ ಮೇಲೆ ಭಾರ ಬಿದ್ದರೆ ಹಳೆಯ ಬೆಸುಗೆ ಕಳಚಿಕೊಳ್ಳುತ್ತದೆ.

ಮೊದಲು ಬೆನ್ನಿನ ಅಂಚಿನಲ್ಲಿ, ಕಾಣದ ಜಾಗದಲ್ಲಿ, ಅಕ್ಕಿಕಾಳಿನಷ್ಟು ಜಾಗ ಮಾಡಿ ನೋಡಿ. ಭೂತಗನ್ನಡಿಯಲ್ಲಿ ನೋಡುತ್ತಲೇ ಕಡ್ಡಿಯನ್ನು ಮಣ್ಣಿನ ಪದರದ ಪಕ್ಕಕ್ಕೆ ತಂದು ಅಡ್ಡಕ್ಕೆ ತಳ್ಳಿ, ಕೆಳಕ್ಕೆ ಒತ್ತಬೇಡಿ. ಸರಿಯಾಗಿ ನೆನೆದಿದ್ದರೆ ಮಣ್ಣು ಹಕ್ಕಳೆಯ ಹಾಗೆ ಎದ್ದು ಬರುತ್ತದೆ. ಬರದಿದ್ದರೆ ಒಂದು ಹನಿ ನೀರು ಹಾಕಿ ಎರಡು ನಿಮಿಷ ಕಾಯಿರಿ. ಜೋರು ಮಾಡಬೇಡಿ. ಕಡ್ಡಿಯ ತುದಿಯನ್ನು ಆಗಾಗ ಒರೆಸಿಕೊಳ್ಳಿ, ಅದಕ್ಕೆ ಮೆತ್ತಿದ ಮರಳೇ ಗೀರು ಹಾಕುತ್ತದೆ.

ಗಿಲೀಟಿನ ಗುಂಡಿಯಲ್ಲಿ ಒಂದು ವಿಚಿತ್ರ ಇದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಆದರೆ ಆ ಪದರದ ಸಣ್ಣ ರಂಧ್ರಗಳ ಮೂಲಕ ಕೆಳಗಿನ ತಾಮ್ರದ ಕಿಲುಬು ಮೇಲಕ್ಕೆ ಉಕ್ಕುತ್ತದೆ. ಎಷ್ಟೋ ಕಡೆ ಕಿಲುಬು ಚಿನ್ನದ ಮೇಲೆ ಸುಮ್ನೆ ಕೂತಿರುತ್ತದೆ. ಅದನ್ನು ತೆಗೆದರೆ ಕೆಳಗೆ ಫಳಫಳ ಹಳದಿ. ಆ ಕ್ಷಣಕ್ಕಾಗಿಯೇ ಈ ಹವ್ಯಾಸ ಅನ್ನಿಸುತ್ತದೆ, ನಿಜ. ಆದರೆ ಕೆಲವು ಕಡೆ ಕಿಲುಬು ಒಳಗಿನಿಂದ ಗುಳ್ಳೆಯ ಹಾಗೆ ಉಬ್ಬಿ ಚಿನ್ನವನ್ನು ತಲೆಯ ಮೇಲೆ ಹೊತ್ತುಕೊಂಡಿರುತ್ತದೆ. ಗುಳ್ಳೆ ಒಡೆದರೆ ಚಿನ್ನವೂ ಹೋಯಿತು, ಕೆಳಗೆ ಗುಳಿ. ಆದ್ದರಿಂದ ಚಪ್ಪಟೆಯಾಗಿ ಹರಡಿದ ಹಸಿರನ್ನು ತೆಗೆಯಿರಿ, ದುಂಡಗೆ ಉಬ್ಬಿದ ಹಸಿರನ್ನು ಬಿಡಿ. ಕಡ್ಡಿಯ ತುದಿಯಲ್ಲೋ ಹತ್ತಿಯಲ್ಲೋ ಹೊಳೆಯುವ ಚುಕ್ಕಿ ಕಂಡಿತು ಅಂದರೆ ಅದು ನಿಮ್ಮ ಗುಂಡಿಯ ಚಿನ್ನ. ಅಲ್ಲಿಗೆ ಕಡ್ಡಿ ಕೆಳಗಿಡಿ.

ಗಿಲೀಟು ಇಲ್ಲದ ತಾಮ್ರದ ಗುಂಡಿಯಲ್ಲಿ ನಯವಾದ ಕಂದು ಅಥವಾ ಕಡುಹಸಿರು ಪದರ ಕಂಡರೆ ಅದು ಪಟಿನಾ. ವರ್ಷಗಟ್ಟಲೆ ನಿಧಾನವಾಗಿ ಕೂಡಿದ, ಲೋಹವನ್ನು ಕಾಯುವ ಪದರ. ಗುಂಡಿಯ ಅಕ್ಷರ, ಚಿತ್ರ ಎಲ್ಲ ಉಳಿದಿರುವುದು ಆ ಪದರದಲ್ಲೇ. ಕೆರೆದರೆ ಕೆಳಗಿನ ಲೋಹ ತಗ್ಗುದಿಣ್ಣೆಯಾಗಿ ಕಾಣುತ್ತದೆ, ಚಿತ್ರ ಇರುವುದಿಲ್ಲ. ಪಟಿನಾ ಕೊಳೆ ಅಲ್ಲ.

ಹಂತ 5: ಮೊಂಡು ಕಿಲುಬಿಗೆ, ಅದೂ ಬೇಕಿದ್ದರೆ

ನೀರು, ಕಡ್ಡಿ ಎರಡಕ್ಕೂ ಬಗ್ಗದ ಹೊಪ್ಪಳೆ ಇದ್ದು, ಗುಂಡಿ ಅಪರೂಪದ್ದಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಈ ಹಂತ.

ಡಿಟೆಕ್ಟರ್ ಹವ್ಯಾಸಿಗಳು ಹೆಚ್ಚು ಬಳಸುವುದು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯಲು ಸಿಗುವಂಥದ್ದು. ಗುಂಡಿ ಮುಳುಗುವಷ್ಟು ದ್ರಾವಣವನ್ನು ಗಾಜಿನ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ನೇರ ಉರಿಯ ಮೇಲೆ ಬೇಡ, ಮೈಕ್ರೋವೇವ್ ಬೇಡ, ಮುಚ್ಚಳ ಬೇಡ. ಗುಂಡಿ ಬಿಟ್ಟ ಕೂಡಲೇ ನೊರೆ ಏಳುತ್ತದೆ. ಏಳುವ ಗುಳ್ಳೆಗಳೇ ಮಣ್ಣನ್ನು ಸಡಿಲಿಸುವುದು. ಎರಡು-ಮೂರು ನಿಮಿಷಕ್ಕೊಮ್ಮೆ ತೆಗೆದು, ತೊಳೆದು, ಕಡ್ಡಿಯಿಂದ ನೋಡಿ. ಒಂದು ರಾತ್ರಿ ಪೂರ್ತಿ ನೆನೆಸಿಟ್ಟೆ ಅಂತ ಬರೆಯುವವರು ಇದ್ದಾರೆ. ಪಟಿನಾ ಹೋಗಿ ಗುಂಡಿ ಕಪ್ಪಾಯಿತು ಅಂತಲೂ ಅವರೇ ಬರೆಯುತ್ತಾರೆ. ವಸ್ತುಸಂಗ್ರಹಾಲಯದ ಸಂರಕ್ಷಕರು ಇದನ್ನು ಒಪ್ಪುವುದಿಲ್ಲ. ನನಗೂ ಇದು ಕೊನೆಯ ದಾರಿಯೇ. ಪ್ಯೂಟರ್, ಸೀಸ, ಕಬ್ಬಿಣ, ದಾರ ಇರುವ ಗುಂಡಿಗೆ ಪೆರಾಕ್ಸೈಡ್ ಸುತರಾಂ ಬೇಡ. ಕೈಗವಸು ಹಾಕಿಕೊಳ್ಳಿ, ವಿನೆಗರ್ ಜೊತೆ ಯಾವತ್ತೂ ಬೆರೆಸಬೇಡಿ.

ಬೆಳ್ಳಿಯ ಕಪ್ಪಿಗೆ ಬೇರೆ ಉಪಾಯ. ಬಟ್ಟಲಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಹಾಕಿ, ಒಂದು ಚಮಚ ಅಡುಗೆ ಸೋಡಾ ಕರಗಿಸಿ, ಗುಂಡಿ ಹಾಳೆಗೆ ತಾಗುವಂತೆ ಇಡಿ. ಕಪ್ಪು ಅಂದರೆ ಬೆಳ್ಳಿಯ ಸಲ್ಫೈಡ್. ಅದರಲ್ಲಿನ ಗಂಧಕ ಬಿಟ್ಟುಹೋಗಿ ಬೆಳ್ಳಿ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರುತ್ತದೆ, ಕಿಟಕಿ ತೆಗೆದಿಡಿ. ಒಂದೆರಡು ನಿಮಿಷ ಸಾಕು. ಗಟ್ಟಿ ಬೆಳ್ಳಿಗೆ ಮಾತ್ರ ಇದು, ಲೇಪ ಎದ್ದಿರುವ ಗುಂಡಿಗೆ ಅಲ್ಲ.

ಇನ್ನು ಬೇಡವೇ ಬೇಡ ಅನ್ನುವಂಥವು. ನಿಂಬೆರಸ, ವಿನೆಗರ್, ಕೋಲಾ, ಹುಳಿ ಯಾವುದೇ ಇರಲಿ, ಕಿಲುಬಿನ ಜೊತೆ ಪಟಿನಾವನ್ನೂ ತಿನ್ನುತ್ತದೆ. ಹಿತ್ತಾಳೆಯಾದರೆ ಅದರ ಸತುವನ್ನು ಕರಗಿಸಿ ಮೇಲ್ಮೈಯಲ್ಲಿ ತಾಮ್ರ ಮಾತ್ರ ಬಿಡುತ್ತದೆ. ಗುಂಡಿ ಗುಲಾಬಿ ಬಣ್ಣಕ್ಕೆ ತಿರುಗಿತು ಅಂತ ಬರುವ ಪತ್ರಗಳೆಲ್ಲ ಇದರ ಕಥೆ. ಆ ಬಣ್ಣವನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಲೋಹದ ಪಾಲಿಶ್ ಕ್ರೀಮುಗಳಲ್ಲಿ ನುಣ್ಣನೆ ಉಜ್ಜುವ ಪುಡಿ ಇರುತ್ತದೆ, ಟೂತ್‌ಪೇಸ್ಟಿನಲ್ಲೂ ಇರುತ್ತದೆ. ಕರೆಂಟ್ ಹಾಯಿಸಿ ಮಾಡುವ ಎಲೆಕ್ಟ್ರಾಲಿಸಿಸ್ ಗಿಲೀಟನ್ನು ಸಿಪ್ಪೆ ಸುಲಿದ ಹಾಗೆ ಎಬ್ಬಿಸುತ್ತದೆ. ಅಲ್ಟ್ರಾಸಾನಿಕ್ ಯಂತ್ರದ ಕಂಪನಕ್ಕೆ ಸಡಿಲ ಗಿಲೀಟು, ಹಳೆಯ ಬೆಸುಗೆ ಎರಡೂ ನಿಲ್ಲುವುದಿಲ್ಲ.

ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡಿ ಅನ್ನುವ ಹಳೆಯ ಸಲಹೆಯೊಂದಿದೆ. ಮೆತ್ತನೆಯ ಉಪಾಯ ಅಂತ ಎಲ್ಲರೂ ನಂಬುತ್ತಾರೆ. ಆದರೆ ಎಣ್ಣೆಯಲ್ಲೂ ಕೊಬ್ಬಿನ ಆಮ್ಲ ಇರುತ್ತದೆ, ಎಣ್ಣೆ ಹಸಿರಾಗುವುದು ಅದು ತಾಮ್ರವನ್ನು ಕರಗಿಸುತ್ತಿರುವುದರಿಂದಲೇ. ಸಂದಿಗಳಿಗೆ ಇಳಿದ ಎಣ್ಣೆಯನ್ನು ಪೂರ್ತಿ ತೆಗೆಯುವುದೂ ಕಷ್ಟ.

ಹಂತ 6: ಕಂಚಿನ ರೋಗ ಇದೆಯಾ ನೋಡಿ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಆರು ತಿಂಗಳ ನಂತರ "ಗುಂಡಿಯ ಮೇಲೆ ಮತ್ತೆ ಹಸಿರು ಪುಡಿ ಬಂದಿದೆ" ಅಂತ ಬರೆಯುತ್ತಾರೆ. ಇದಕ್ಕೆ ಬ್ರಾಂಜ್ ಡಿಸೀಸ್, ಅಂದರೆ ಕಂಚಿನ ರೋಗ ಅನ್ನುತ್ತಾರೆ. ಹೆಸರು ಕಂಚಿನದ್ದಾದರೂ ತಾಮ್ರ, ಹಿತ್ತಾಳೆ ಎಲ್ಲದಕ್ಕೂ ಬರುತ್ತದೆ. ಮಣ್ಣಿನ ಉಪ್ಪಿನಿಂದ ಲೋಹದೊಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವ, ಆಮ್ಲಜನಕ ಸಿಕ್ಕ ಕೂಡಲೇ ಕೆಲಸ ಶುರು ಮಾಡುತ್ತದೆ. ಆ ಕ್ರಿಯೆಯಲ್ಲಿ ಹುಟ್ಟುವ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ. ಹೀಗೆ ಸುತ್ತು ನಡೆಯುತ್ತಲೇ ಇರುತ್ತದೆ. ಸಮುದ್ರದ ದಂಡೆಯಲ್ಲಿ, ಗೊಬ್ಬರ ಬಿದ್ದ ಹೊಲದಲ್ಲಿ ಸಿಕ್ಕ ಗುಂಡಿಗಳಿಗೆ ಇದರ ಕಾಟ ಜಾಸ್ತಿ.

ಗುರುತು ಸುಲಭ. ಒಳ್ಳೆಯ ಪಟಿನಾ ಗಟ್ಟಿ, ನಯ, ಗಾಢ ಬಣ್ಣ. ರೋಗದ ಹಸಿರು ತಿಳಿ ಬಣ್ಣ, ಹಿಟ್ಟಿನಂಥ ಪುಡಿ, ಕಡ್ಡಿ ತಾಗಿಸಿದರೆ ಉದುರುತ್ತದೆ. ಅನುಮಾನ ಇದ್ದರೆ ಒಂದು ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು, ಅದಕ್ಕೆ ತಾಗದಂತೆ ಗುಂಡಿಯನ್ನಿಟ್ಟು ಮುಚ್ಚಿ. ಒಂದು ದಿನ ಬಿಟ್ಟು ನೋಡಿ. ಹೊಸ ತಿಳಿಹಸಿರು ಚುಕ್ಕಿ ಎದ್ದಿದ್ದರೆ ರೋಗ ಇದೆ.

ಆ ಗುಂಡಿಯನ್ನು ಬೇರೆಯವುಗಳಿಂದ ದೂರ ಇಡಿ. ಪುಡಿಯನ್ನು ಕಡ್ಡಿಯಿಂದ ತೆಗೆಯಿರಿ. ಆಮೇಲೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ದ್ರಾವಣ. ಹೆಸರು ದೊಡ್ಡದು, ಒಳಗಿರುವುದು ಎರಡು ಸೋಡಾ ಅಷ್ಟೇ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ ನೀರಿನಂಶ ಇಲ್ಲದ ಸೋಡಿಯಂ ಕಾರ್ಬೊನೇಟ್ ಪುಡಿ 23 ಗ್ರಾಂ, ಅಡುಗೆ ಸೋಡಾ 19 ಗ್ರಾಂ. ಹರಳು ರೂಪದ ವಾಷಿಂಗ್ ಸೋಡಾ ಆದರೆ ಅದರಲ್ಲಿ ನೀರೂ ಸೇರಿರುತ್ತದೆ, 23ರ ಬದಲು 63 ಗ್ರಾಂ ಬೇಕು. ಬಟ್ಟೆ ಒಗೆಯುವ ಪುಡಿ ಇದಲ್ಲ, ಗಮನಿಸಿ. ಗುಂಡಿಯನ್ನು ಇದರಲ್ಲಿ ಮುಳುಗಿಸಿ, ವಾರಕ್ಕೊಮ್ಮೆ ದ್ರಾವಣ ಬದಲಿಸಿ. ಕ್ಲೋರೈಡ್ ನಿಧಾನಕ್ಕೆ ಹೊರಬರುತ್ತದೆ. ಕೆಲವು ವಾರಗಳೇ ಹಿಡಿಯುತ್ತವೆ, ಅವಸರ ಇಲ್ಲ. ಪಟಿನಾದ ಬಣ್ಣ ಸ್ವಲ್ಪ ಬದಲಾಗಬಹುದು, ಅದನ್ನು ಒಪ್ಪಿಕೊಂಡೇ ಇಳಿಯಬೇಕು. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ, ದಿನಕ್ಕೊಂದು ಸಲ ಬದಲಿಸುತ್ತ. ಆಮೇಲೆ ಒದ್ದೆ ಹತ್ತಿಯ ಪರೀಕ್ಷೆ ಮತ್ತೊಮ್ಮೆ. ಪ್ಯೂಟರ್, ಸೀಸದ ಗುಂಡಿಗೆ ಈ ದ್ರಾವಣ ಬೇಡ.

ಬೆಂಜೋಟ್ರಯಜೋಲ್ ಅನ್ನುವ ರಾಸಾಯನಿಕವನ್ನು ಸಂರಕ್ಷಕರು ಇದಕ್ಕೇ ಬಳಸುತ್ತಾರೆ. ಅದು ವಿಷಕಾರಿ. ಮನೆಯಲ್ಲಿ ಕೈ ಹಾಕಬೇಡಿ.

ಹಂತ 7: ಒಣಗಿಸಿ, ಮೇಣ ಹಚ್ಚಿ

ಹತ್ತಿಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಒರೆಸಬೇಡಿ. ಆಮೇಲೆ ಆಸಿಟೋನಿನಲ್ಲಿ ಕೆಲವು ನಿಮಿಷ ಅದ್ದಿದರೆ ಸಂದಿಯ ನೀರನ್ನು ಅದು ಎಳೆದುಕೊಂಡು ತಾನೂ ಆರಿಹೋಗುತ್ತದೆ. ಎರಡು ತಗಡಿನ ಗುಂಡಿಗಳ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಅವುಗಳಿಗೆ ಇದು ಬೇಕೇ ಬೇಕು. ಆಸಿಟೋನ್ ಬೆಂಕಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ, ಒಲೆ ಆರಿಸಿ, ಕಿಟಕಿ ತೆಗೆಯಿರಿ. ಬಣ್ಣ, ಅರಗಿನ ಲೇಪ ಇರುವ ಗುಂಡಿಗೆ ಆಸಿಟೋನ್ ಬೇಡ, ಲೇಪವೇ ಕರಗುತ್ತದೆ. ಅಂಥವನ್ನು ನೆರಳಿನಲ್ಲಿ ಎರಡು-ಮೂರು ದಿನ ಒಣಗಲು ಬಿಡಿ.

ಮೇಣವನ್ನು ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿ, ಸಂದಿಗೆ ಕುಂಚ. ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿ. ಹಸಿರು ಗಾಢವಾಗುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಸಡಿಲ ಗಿಲೀಟು ಇರುವ ಕಡೆ ಒರೆಸುವುದೂ ಬೇಡ, ಹಚ್ಚಿ ಬಿಟ್ಟುಬಿಡಿ.

ಸೊಟ್ಟಗಾದದ್ದು, ಕೊಂಡಿ ಮುರಿದದ್ದು

ನೇಗಿಲಿಗೆ ಸಿಕ್ಕಿ ಮಡಚಿದ ಗುಂಡಿಯನ್ನು ನೆಟ್ಟಗೆ ಮಾಡಬಹುದಾ? ಮಾಡಬೇಡಿ. ಹಳೆಯ ಹಿತ್ತಾಳೆ ಪೆಡಸಾಗಿರುತ್ತದೆ, ಬಿರುಕು ಬಿಟ್ಟು ಪಟ್ಟನೆ ಮುರಿಯುತ್ತದೆ. ಕಾಯಿಸಿ ಮೆತ್ತಗೆ ಮಾಡೋಣ ಅಂದರೆ ಕೊಂಡಿಯ ಬೆಸುಗೆ ಕರಗುತ್ತದೆ, ಪಟಿನಾ ಸುಡುತ್ತದೆ, ಹಳೆಯ ಪಾದರಸದ ಗಿಲೀಟಿನಲ್ಲಿ ಪಾದರಸದ ಅಂಶ ಇನ್ನೂ ಉಳಿದಿರಬಹುದು, ಅದರ ಹೊಗೆ ವಿಷ. ಆ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ಗುಂಡಿಗೆ ಹಚ್ಚಿ, ಕಾಯಿಸಿ ಪಾದರಸವನ್ನು ಹಾರಿಸುತ್ತಿದ್ದರು. ಕರೆಂಟಿನಿಂದ ಲೇಪ ಹಾಕುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮ್‌ನ ತಯಾರಕರಾದ ಎಲ್ಕಿಂಗ್ಟನ್‌ರಿಗೆ ಪೇಟೆಂಟ್ ಸಿಕ್ಕಿದ್ದು 1840ರಲ್ಲಿ, ಆಮೇಲೆ ನಿಧಾನವಾಗಿ ಪಾದರಸದ ಬಳಕೆ ಕಮ್ಮಿಯಾಯಿತು.

ಬಿಟ್ಟುಹೋದ ಕೊಂಡಿಯನ್ನು ಬೆಸೆಯಬೇಡಿ. ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ಆಸಿಟೋನಿನಲ್ಲಿ ಕರಗುತ್ತದೆ. ನಾಳೆ ಬೇಡ ಅನ್ನಿಸಿದರೆ ಬಿಡಿಸಬಹುದು. ಸೂಪರ್ ಗ್ಲೂ ಬೇಡ. ಅಂಟಿಸುವ ಕೆಲಸ ಮೇಣಕ್ಕಿಂತ ಮೊದಲು ಆಗಬೇಕು, ಮೇಣದ ಮೇಲೆ ಅಂಟು ಹಿಡಿಯುವುದಿಲ್ಲ.

ಹಂತ 8: ಎಲ್ಲಿಡುತ್ತೀರಿ?

ಚೆಂದದ ಮರದ ಪೆಟ್ಟಿಗೆ ಕಣ್ಣಿಗೆ ಹಿತ, ಗುಂಡಿಗೆ ಅಲ್ಲ. ಮರದಿಂದ, ಅದರಲ್ಲೂ ಓಕ್ ಮತ್ತು ಎಂಡಿಎಫ್ ಹಲಗೆಯಿಂದ, ಅಗ್ಗದ ರಟ್ಟಿನಿಂದ ಹುಳಿ ಆವಿ ಬರುತ್ತಿರುತ್ತದೆ. ಸೀಸ, ಪ್ಯೂಟರ್ ಅದಕ್ಕೆ ಬಿಳಿ ಪುಡಿಯಾಗಿ ಕರಗುತ್ತವೆ. ಪಿವಿಸಿ ಕವರಿನಿಂದ ಕ್ಲೋರಿನ್ ಅಂಶ ಹೊರಬರುತ್ತದೆ, ಅದೂ ಬೇಡ. ಪಾಲಿಥಿನ್ ಜಿಪ್ ಕವರು, ಪಾಲಿಪ್ರೊಪಿಲೀನ್ ಡಬ್ಬಿ ಸರಿ. ತಾಮ್ರ-ಹಿತ್ತಾಳೆಯ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವ ಶೇ 40ಕ್ಕಿಂತ ಕೆಳಗಿದ್ದರೆ ಕಂಚಿನ ರೋಗ ಬಹುಮಟ್ಟಿಗೆ ಮಲಗಿರುತ್ತದೆ. ಜೆಲ್ ಕೂಡ ತೇವ ಕುಡಿದು ಸುಸ್ತಾಗುತ್ತದೆ, ಬಣ್ಣ ಬದಲಿಸುವ ಜಾತಿಯದ್ದು ತೆಗೆದುಕೊಂಡರೆ ಯಾವಾಗ ಬದಲಿಸಬೇಕು ಅಂತ ಗೊತ್ತಾಗುತ್ತದೆ.

ಹಂತ 1ರಲ್ಲಿ ಕವರಿನ ಮೇಲೆ ಬರೆದದ್ದನ್ನು ಒಂದು ಚೀಟಿಗೆ ಇಳಿಸಿ ಗುಂಡಿಯ ಜೊತೆಗೇ ಇಡಿ, ಆದರೆ ಕಾಗದ ಲೋಹಕ್ಕೆ ತಾಗದಂತೆ ಬೇರೆ ಪುಟ್ಟ ಕವರಿನಲ್ಲಿ. ಏನೇನು ಮಾಡಿದಿರಿ, ಯಾವ ದ್ರಾವಣ, ಎಷ್ಟು ದಿನ, ಯಾವ ಮೇಣ, ಅದನ್ನೂ ಚೀಟಿಯ ಹಿಂದೆ ಬರೆಯಿರಿ. ಒಂದು ತಿಂಗಳಾದ ಮೇಲೆ ಡಬ್ಬಿ ತೆರೆದು ಭೂತಗನ್ನಡಿಯಲ್ಲಿ ಕೊಂಡಿಯ ಬುಡ ನೋಡಿ. ತಿಳಿಹಸಿರು ಪುಡಿ ಮೊದಲು ಕಾಣಿಸಿಕೊಳ್ಳುವುದು ಅಂಥ ಸಂದಿಯಲ್ಲೇ. ಕಂಡರೆ ಹಂತ 6ಕ್ಕೆ ವಾಪಸ್.